ನೀಲಿ ಹೆಬ್ಬೆರಳು

ಸವಿತಾ, ಮಂಜು, ನೀವಿಬ್ಬರೂ ಏಜೆಂಟರನ್ನು ನೋಡಿದ್ದೀರಿ. ಆದರೆ ಅವರ ಎಡಗೈ ಹೆಬ್ಬೆರಳನ್ನು ಗಮನಿಸಿರಲಿಕ್ಕಿಲ್ಲ. ಅದು ಯಾವಾಗಲೂ ನೀಲಿಯಾಗಿರುತ್ತಿತ್ತು. ಸಹಿ ಬಾರದವರ ಬೆರಳು ಹಿಡಿದು ಕಾಗದದ ಮೇಲೆ ಒತ್ತಿಸಿ ಒತ್ತಿಸಿ, ಮಸಿ ಅವರ ಉಗುರಿನ ಸಂದಿಗೂ ಇಳಿದಿತ್ತು. ಊಟಕ್ಕೆ ಕೂತಾಗ ಆ ಕೈಯನ್ನು ತೊಡೆಯ ಮೇಲೆ ಬೋರಲು ಇಟ್ಟುಕೊಳ್ಳುತ್ತಿದ್ದರು.

ದಾಂಡೇಲಿ, ಹಳಿಯಾಳ, ಜೋಯಿಡಾ ಕಡೆಯೆಲ್ಲ ಮನೆ, ಜಾಗ ಮಾರಿಸಿಕೊಡುವುದು ಅವರ ಉದ್ಯೋಗ. ನಾವು ಏಜೆಂಟರು ಎನ್ನುತ್ತಿದ್ದೆವು. ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಗೇಟು ತೆಗೆದ ಸಪ್ಪಳವೂ ಆಗುತ್ತಿರಲಿಲ್ಲ. ಲವಂಗದ ವಾಸನೆ ಬಂತೆಂದು ತಿರುಗಿ ನೋಡಿದರೆ ಹೊಸ್ತಿಲಲ್ಲಿ ನಿಂತಿರುತ್ತಿದ್ದರು. "ಅಕ್ಕಾರ, ಆರಾಮ ಇದ್ದೀರಿ?"

ನಿಮ್ಮ ಅಜ್ಜ ತೀರಿಕೊಂಡಾಗ ನಮ್ಮ ಮನೆಯಲ್ಲಿ ಒಲೆ ಹೊತ್ತಿಸದ ದಿನಗಳಲ್ಲಿ ಅವರ ಮನೆಯಿಂದಲೇ ರೊಟ್ಟಿ, ಝುಣಕ ಬಂತು. ಆಸ್ಪತ್ರೆಯ ಕಾಗದಗಳಿಗೆ ಓಡಾಡಿದವರೂ ಅವರೇ. ಹಾಗಾಗಿ ದಾಂಡೇಲಿಯ ಬಂಗೂರನಗರದ ಈ ಮನೆ ಮಾರಿ, ಮುಂಡಗೋಡದ ಹತ್ತಿರದ ನಿಮ್ಮೂರು ಪಾಳಾಕ್ಕೆ ಬಂದು ಮಗಳ ಜೊತೆ, ನಿಮ್ಮಮ್ಮನ ಜೊತೆ ಇರಬೇಕೆಂದುಕೊಂಡಾಗ, ಇನ್ನೊಬ್ಬರನ್ನು ಕೇಳುವ ಯೋಚನೆಯೇ ನನಗೆ ಬರಲಿಲ್ಲ.

ಕರಾರು ಪತ್ರ ತಂದು ಮುಂದಿಟ್ಟರು. "ಓದ್ರಿ ಅಕ್ಕಾರ, ಅವಸರಿಲ್ಲ," ಎಂದರು.

ನಾನು ಹಳ್ಳಿಯ ಶಾಲೆಯಲ್ಲಿ ಕಲಿತವಳು. ಓದಲು ಬರುತ್ತದೆ, ನಿಧಾನ. ಆದರೆ ದುಃಖದಲ್ಲಿ ಅನ್ನ ಕೊಟ್ಟವರ ಎದುರು ಕನ್ನಡಕ ಹಾಕಿಕೊಂಡು ಅವರ ಕಾಗದ ಓದುವುದೆಂದರೆ ಅವರನ್ನು ಕಳ್ಳರೆಂದ ಹಾಗೆ. ನಮ್ಮಲ್ಲಿ ಹಾಗೆ ಮಾಡುವುದಿಲ್ಲ. ಮಡಿಕೆಯನ್ನೂ ಪೂರ್ತಿ ಬಿಚ್ಚದೆ ಸಹಿ ಹಾಕಿದೆ. ಅವರು ಮಸಿ ಆರುವ ತನಕ ಸಹಿಯ ಮೇಲೆ ಮೆಲ್ಲಗೆ ಊದಿದರು.

ಕೆಲವು ತಿಂಗಳಿಗೆ ಸವಿತಾಗೆ ಇಲ್ಲಿಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮುಂಡಗೋಡದ ಕಡೆಯಿಂದ ದಿನಾ ಬಂದು ಹೋಗಲು ಆಗುತ್ತದೆಯೇ? ಈ ಮನೆ ಇದ್ದರೆ ಅವಳ ಓದು, ಇಲ್ಲದಿದ್ದರೆ ಇಲ್ಲ. ಮಾರುವುದು ಬೇಡವೆಂದು ನಿಶ್ಚಯಿಸಿದೆ. ಅತ್ತಿವೇರಿ ಕಡೆಯ ನನ್ನ ತವರಿನಲ್ಲಿ ಆಡಿದ ಮಾತು ಹಿಂದೆ ತೆಗೆದುಕೊಳ್ಳಬೇಕಾದರೆ ತೆಂಗಿನಕಾಯಿ, ಎಲೆ ಅಡಿಕೆ ಒಯ್ದು ಕೊಡುತ್ತಾರೆ. ಎದುರಿನವರು ಮುಟ್ಟಿ ತೆಗೆದುಕೊಂಡರೆ ಋಣ ಹರಿಯಿತು. ನಾನೂ ಒಯ್ದೆ. ಏಜೆಂಟರು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ತೆಂಗಿನಕಾಯಿಯನ್ನು ತಮ್ಮ ಕುರ್ಚಿಯ ಹಿಂದಿನ ಗೂಡಿನಲ್ಲಿಟ್ಟರು. ನಾನು ಹಗುರಾಗಿ ಮನೆಗೆ ಬಂದೆ.

ಆಮೇಲೂ ಮನೆ ನೋಡಲು ಜನ ಬರುವುದು ನಿಲ್ಲಲಿಲ್ಲ. ಗೇಟಿನಾಚೆ ನಿಂತು ಫೋಟೋ ತೆಗೆಯುವವರು. ಹೆಜ್ಜೆ ಹಾಕಿ ಅಂಗಳ ಅಳೆಯುವವರು. ಗೋವಾದ ಕಡೆಯವನೊಬ್ಬ ಹೋಂಸ್ಟೇ ಮಾಡುತ್ತೇನೆಂದು ಬಂದವನು, ಸವಿತಾಳ ಪುಸ್ತಕಗಳಿದ್ದ ಕೋಣೆಯ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, "ಇದನ್ನ ಒಡದ್ರ ಛಲೋ ಆಗ್ತೈತಿ," ಎಂದ. ಅವಳು ಅಲ್ಲೇ ಕೂತಿದ್ದಳು. ಏಜೆಂಟರು ಬಾಗಿಲಲ್ಲಿ ನಿಂತು ಲವಂಗ ಜಗಿಯುತ್ತಿದ್ದರು. ಹೋಗುವಾಗ, "ನಾಳೆ ಮುಂಗಡ ತರ್ತಾರ್ರೀ ಅಕ್ಕಾರ. ನೀವು ಹೇಳಿದ್ದಽ ರೇಟು," ಎಂದರು.

ನಾನು ಸೆರಗು ಸರಿಮಾಡಿಕೊಂಡು ಅವರ ಹಿಂದೆಯೇ ಆಫೀಸಿಗೆ ಹೋದೆ. ನನ್ನ ತೆಂಗಿನಕಾಯಿ ಅದೇ ಗೂಡಿನಲ್ಲಿತ್ತು, ಜುಟ್ಟು ಸಮೇತ.

"ಕಾಯಿ ತಗೊಂಡ್ರಲ್ಲರೀ. ಮಾತು ಮುಗದಂಗ ಅಲ್ಲೇನು?"

"ನೀವು ಕೊಟ್ರಿ, ನಾ ತಗೊಂಡೆ. ಇದರಿಂದ ಕರಾರು ಮುರೀತೈತೇನು ಅಂತ ನೀವು ಕೇಳಲಿಲ್ಲ." ಮುಖದಲ್ಲಿ ಸಿಟ್ಟಿಲ್ಲ, ನಗೆಯಿಲ್ಲ. "ನಾ ಸುಳ್ಳು ಹೇಳಾವಲ್ಲ ಅಕ್ಕಾರ. ಕೇಳಿದ್ದಕ್ಕ ಖರೇನ ಹೇಳ್ತೇನಿ. ಕೇಳದ್ದು ಹೇಳಂಗಿಲ್ಲ."

ಕುರ್ಚಿ ಎಳೆದುಕೊಂಡು ಕೂತೆ. "ಹಂಗಾದ್ರ ಈಗ ಕೇಳ್ತೇನಿ. ಪತ್ರ ತಗೀರಿ. ಒಂದೊಂದ ಸಾಲು ಓದಿ ಹೇಳ್ರಿ."

ಅವರು ಓದಿದರು. ಪುರಾಣ ಹೇಳುವವರಂತೆ ಮೆತ್ತಗೆ. ಒಂದು ವರ್ಷ ಮನೆ ಅವರ ಕೈಯಲ್ಲಿ. ಅಷ್ಟರಲ್ಲಿ ನಾನೇ ಗಿರಾಕಿ ಹುಡುಕಿ ಮಾರಿದರೂ ಕಮಿಷನ್ ಅವರಿಗೆ. ಕೇಳಿದ ಬೆಲೆ ಕೊಡುವವರು ಮುಂಗಡ ತಂದ ಮೇಲೆ ನಾನು ಒಲ್ಲೆನೆಂದರೆ, ಮನೆ ಮಾರದೆಯೂ ಪೂರ್ತಿ ಕಮಿಷನ್. ಅಷ್ಟು ಕೊಡಬೇಕಾದರೆ ನಾನು ಮನೆಯನ್ನೇ ಮಾರಬೇಕಿತ್ತು.

"ಬ್ಯಾಡ ಅನ್ನೂದಿದ್ರ ಏನ್ ಮಾಡಬೇಕ್ರಿ?"

ಅವರು ಕಾಗದದಿಂದ ಕಣ್ಣೆತ್ತಲಿಲ್ಲ. "ಬರದು ಕೊಡಬೇಕು. ಬಾಯಿಮಾತು ನಡಿಯಂಗಿಲ್ಲ."

"ಇವತ್ತ ಬರದು ಕೊಟ್ರ?"

ಲವಂಗ ಕಡಿದ ಸಪ್ಪಳ ಕೇಳಿತು. "ಇವತ್ತ ಕೊಟ್ರ ಬರೇ ಜಾಹೀರಾತಿನ ಖರ್ಚು. ನಾಳೆ ಮುಂಗಡ ಬಂದ ಮ್ಯಾಲೆ ಕೊಟ್ರ ಪೂರ್ತಿ."

"ಮತ್ತೇನರ ಐತೇನ್ರಿ, ನಾ ಕೇಳದ್ದು?"

ಆಗ ಮೊದಲ ಸಲ ನನ್ನ ಮುಖ ನೋಡಿದರು. "ಐತಿ. ನಾ ಕರಕೊಂಡು ಬಂದವರಿಗೆ ಮುಂದ ಒಂದು ವರ್ಷದಾಗ ಮಾರಿದ್ರ ಆಗೂ ಕಮಿಷನ್ ಕೊಡಬೇಕು. ಅವರ ಹೆಸರು ಬರಸಿಕೊಂಡು ಹೋಗ್ರಿ."

ಮನೆ ಮಾರುವುದು ಬೇಡವೆಂದು ಅವರ ಪೆನ್ನಿನಿಂದಲೇ ಬರೆದೆ. ಮುಟ್ಟಿದೆ ಎಂದು ನನ್ನ ಪ್ರತಿಯ ಮೇಲೆ ಅವರ ಸಹಿ ಹಾಕಿಸಿಕೊಂಡೆ. ಖರ್ಚಿಗೆ ನನ್ನ ಕಿವಿಯ ಬೆಂಡೋಲೆ ಹೋಯಿತು. ಎದ್ದಾಗ ತೆಂಗಿನಕಾಯಿಯನ್ನು ತಿರುಗಿ ನನ್ನ ಕೈಗಿಟ್ಟರು. "ಇಷ್ಟು ವರ್ಷದಾಗ ಎಲ್ಲಾ ಕೇಳಿದವರು ನೀವಽ ಅಕ್ಕಾರ," ಎಂದರು. ಮನೆಗೆ ಬಂದು ಒಡೆದೆ. ಒಳಗೆ ಕೊಳೆತಿತ್ತು.

ಕಳೆದ ವರ್ಷ ಅವರು ತೀರಿಕೊಂಡರು. ನೋಡಲು ಹೋಗಿದ್ದೆ. ಮೀಯಿಸಿ, ವಿಭೂತಿ ಹಚ್ಚಿ ಕೂಡಿಸಿದ್ದರು. ಹೆಬ್ಬೆರಳಿನ ನೀಲಿ ಮಾತ್ರ ಹೋಗಿರಲಿಲ್ಲ. ಜೋಯಿಡಾದಿಂದ ಬಂದ ಕೆಲವರು ಅಳುತ್ತಿದ್ದರು. ಕೆಲವರು ಬರೀ ಆ ಬೆರಳನ್ನು ನೋಡುತ್ತಿದ್ದರು.

ತಿಂಗಳೊಪ್ಪತ್ತಿನ ಮೇಲೆ ಒಂದು ಸಂಜೆ ಅಡುಗೆಮನೆಯಲ್ಲಿದ್ದೆ. ಲವಂಗದ ವಾಸನೆ ಬಂತು. ತಿರುಗಿ ನೋಡಿದೆ. ಹೊಸ್ತಿಲಲ್ಲಿ ಅವರ ಹೆಂಡತಿ ನಿಂತಿದ್ದರು, ಕೈಯಲ್ಲೊಂದು ಮಡಿಸಿದ ಕಾಗದ. ಅವರ ಮನೆ ಮಾರಿಕೊಡುತ್ತೇನೆಂದು ಹಳಿಯಾಳದ ಬೇರೆ ಏಜೆಂಟ್ ಒಬ್ಬ ಬಂದಿದ್ದನಂತೆ, ಬಹಳ ಒಳ್ಳೆಯವನಂತೆ.

"ಇದರಾಗ ಏನೈತಿ, ಒಂದೀಟು ಓದಿ ಹೇಳ್ರಿ ಅಕ್ಕಾರ."

"ಇಂಥಾ ಕಾಗದ ನಿಮ್ಮ ಯಜಮಾನ್ರು ಎಷ್ಟು ಬರದ್ರು! ನಿಮಗ ಎಂದೂ ಹೇಳಲಿಲ್ಲೇನ್ರಿ?"

"ನಾ ಎಂದೂ ಕೇಳಲಿಲ್ಲರೀ," ಎಂದು ಕಾಗದ ಚಾಚಿದರು. ಅವರ ಎಡಗೈ ಹೆಬ್ಬೆರಳು ಆಗಲೇ ಹೊಸ ಮಸಿಯಿಂದ ನೀಲಿಯಾಗಿತ್ತು.

ಮಕ್ಕಳೇ, ಈ ಹಾಳೆಗಳನ್ನು ಮನೆಯ ಪತ್ರಗಳ ಜೊತೆ ಒಂದೇ ಡಬ್ಬಿಯಲ್ಲಿಡಿ, ನೀರು, ಗೆದ್ದಲು ತಾಗದ ಹಾಗೆ. ನಿಮಗೆ ಬೇಕಾದವರು ಯಾರಾದರೂ ಕಾಗದ ಹಿಡಿದು ಬಂದ ದಿನ, ಅವರನ್ನು ಕೂಡಿಸಿ, ಚಹಾ ಕೊಟ್ಟು, ಒಳಗೆ ಬಂದು ಮೊದಲು ಇದನ್ನು ತೆಗೆಯಿರಿ.