ಇನ್ನೂ ಮುಟ್ಟಿಲ್ಲ

ಪಂಚಪ್ಪನಿಗೆ ಊರೂರು ಅಲೆಯುವುದು ಹೊಸದಲ್ಲ. ಯಲಹಂಕದ ಪ್ಯಾಕಿಂಗ್ ಮಷಿನ್ ಕಾರ್ಖಾನೆಯಲ್ಲಿ ಅವನದು ಮಷಿನ್ ಕೆಟ್ಟಲ್ಲಿಗೇ ಹೋಗಿ ರಿಪೇರಿ ಮಾಡುವ ಕೆಲಸ. ಅವನು ಬಸ್ಸು ಹತ್ತಿದರೆ ಸಾಕು, ಅಲ್ಲಾಳಸಂದ್ರದ ಮನೆಯಿಂದ ಅವ್ವ ಪಾರವ್ವನ ಫೋನು ಶುರು. ಎಲ್ಲಿಗೆ ಬಂದಿ, ಏನು ತಿಂದಿ, ಮಗ್ಗುಲಲ್ಲಿ ಕೂತವರು ಯಾರು. ಇಳಕಲ್ಲಿನ ಕಡೆಯವಳು. ಅಲ್ಲಿ ಊರು ಸೇರುವುದಕ್ಕೆ 'ಮುಟ್ಟುವುದು' ಅಂತಲೇ ಅನ್ನುವುದು. ಮಗ ಬಾಯಿಬಿಟ್ಟು 'ಮುಟ್ಟಿದೆ' ಅನ್ನುವ ತನಕ ಆಕೆಗೆ ರೊಟ್ಟಿ ಗಂಟಲಲ್ಲಿ ಇಳಿಯದು.

ಅಂಥವನಿಗೆ ದುಬೈಗೆ ಹೋಗುವ ಯೋಗ ಬಂತು. ಈ ಕೆಲಸ ಸರಿಯಾಗಿ ಮುಗಿಸಿದರೆ ಹೊರದೇಶದ ರಿಪೇರಿಯೆಲ್ಲ ನಿಮಗೇ ಎಂದು ಮ್ಯಾನೇಜರ್ ಸ್ಮಿತಾ ಮಾತು ಕೊಟ್ಟರು. ಅಕೌಂಟ್ಸಿನ ಅಶ್ವತ್ಥ್ ಎಚ್ಚರಿಕೆ ಕೊಟ್ಟ: ವಿಮಾನದಲ್ಲೂ ಫೋನಿಗೆ ನೆಟ್‌ವರ್ಕ್ ಸಿಗುತ್ತದೆ, ಅದರ ರೇಟು ಕೇಳಿದರೆ ತಲೆ ತಿರುಗುತ್ತದೆ, ಫ್ಲೈಟ್ ಮೋಡ್ ಹಾಕಿ. ಬ್ಯಾಟರಾಯನಪುರದಲ್ಲಿ ಸಾಲು ಮನೆಗಳ ಬಾಡಿಗೆ ಎಣಿಸುವ ಕುಳ ಅವನು. ಆದರೂ ಕಂಪನಿಯ ಕಾಸು ಹೋದರೆ ತನ್ನ ಜೇಬೇ ಹರಿದಂತೆ ಒದ್ದಾಡುತ್ತಾನೆ.

ಪಂಚಪ್ಪ ಫ್ಲೈಟ್ ಮೋಡ್ ಹಾಕಲು ಹೋದವನು ಕೈ ಹಿಂತೆಗೆದ. ಫೋನು ಸ್ವಿಚ್ ಆಫ್ ಅಂದರೆ ಅವ್ವ ಇಳಕಲ್ಲಿನ ಬಂಧು ಬಳಗವನ್ನೆಲ್ಲ ಎಬ್ಬಿಸಿ ಕೂರಿಸುತ್ತಾಳೆ. ರಿಂಗಾಗಲಿ, ಎತ್ತದಿದ್ದರಾಯಿತು ಅಂದುಕೊಂಡ. ಆದರೆ ಹುಟ್ಟುಗುಣ ಎಲ್ಲಿ ಹೋಗಬೇಕು? ಸಮುದ್ರದ ಮೇಲೆ ಫೋನು ಹೊಡೆದುಕೊಂಡದ್ದೇ ತಡ, ಕೈ ತಾನಾಗಿ ಎತ್ತಿತು. ಎಲ್ಲಿಗೆ ಬಂದಿ ಅಂತ ಅವ್ವ ಕೇಳಿದರೆ ಹೇಳುವುದಾದರೂ ಏನು, ಸುತ್ತ ಮೋಡ! ಪಾರವ್ವ ಅಷ್ಟಕ್ಕೆ ಬಿಡುವವಳೇ? ಚಟ್ನಿಪುಡಿ ಎಲ್ಲಿಟ್ಟಿದೆ, ಎಷ್ಟು ದಿನ ಕೆಡುವುದಿಲ್ಲ, ಎಲ್ಲ ಸಾವಕಾಶವಾಗಿ ಹೇಳಿದಳು.

ಇತ್ತ ಅಶ್ವತ್ಥನಿಗೆ ಕಂಪನಿ ಸಿಮ್ಮಿನ ಖರ್ಚಿನ ಮೆಸೇಜು ಬಂದು ಕುಂಡೆಗೆ ಬೆಂಕಿ ಬಿತ್ತು. ಮಾತಿಗೂ ಕಾಸು ಬೀಳುತ್ತದೇನೋ ಎಂಬಂತೆ, 'ಪಂಚಪ್ಪ, ಫೋನ್?' ಎಂದಷ್ಟೇ ಕಳಿಸಿದ. ಫೋನ್ ಮಾಡಿ ಅನ್ನುತ್ತಿದ್ದಾರೆ ಎಂದುಕೊಂಡ ಪಂಚಪ್ಪ ವಿನಯದಿಂದ ಉತ್ತರ ಬರೆದ: 'ಇನ್ನೂ ಮುಟ್ಟಿಲ್ಲ ಸರ್. ಮುಟ್ಟಿದ ಕೂಡಲೇ ಹೇಳ್ತೀನಿ.'

ದುಬೈಯ ಮಷಿನ್ ಸರಿಹೋಯಿತು, ಪಂಚಪ್ಪನ ಗ್ರಹಚಾರ ಕೆಟ್ಟಿತು. ವಾಪಸು ಬಂದವನನ್ನು ಸ್ಮಿತಾ ಕ್ಯಾಬಿನ್ನಿಗೆ ಕರೆಸಿದರು. ಬಿಲ್ಲು ಒಂದು ಸಲ ಕಂಪನಿ ಕಟ್ಟೀತು, ಆದರೆ ಸುಳ್ಳು ಹೇಳುವವನನ್ನು ಹೊರದೇಶಕ್ಕೆ ಹೇಗೆ ಕಳಿಸಲಿ ಎಂದರು. ಪಕ್ಕದಲ್ಲೇ ಅಶ್ವತ್ಥ್ ಕುದಿಯುತ್ತಿದ್ದ.

"ಬೆಕ್ಕು ಕಣ್ಮುಚ್ಚಿ ಹಾಲು ಕುಡೀತಂತೆ. ಫೋನಲ್ಲೇ ಟೈಪ್ ಮಾಡಿ ಫೋನ್ ಮುಟ್ಟಿಲ್ಲ ಅಂತಾರೆ ಮೇಡಂ. ಮುಟ್ಟಿದ್ರೆ ಹೇಳ್ತಾರಂತೆ!"

ಪಂಚಪ್ಪನಿಗೆ ಆಗ ತಿಳಿಯಿತು. ಫೋನು ಎತ್ತಿದ್ದು ನಿಜ, ತಪ್ಪೇ; ಆದರೆ ನಾನಂದದ್ದು ದುಬೈ ಮುಟ್ಟಿಲ್ಲ ಅಂತ ಎಂದು ಗೋಗರೆದ. ಸ್ಮಿತಾ ಹುಬ್ಬು ಇಳಿಸಲಿಲ್ಲ, ಅಶ್ವತ್ಥ್ ಎಂಥಾ ಕಥೆ ಕಟ್ಟುತ್ತಾನೆ ಅನ್ನುವಂತೆ ನಕ್ಕ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವಲ್ಲ ಎಂದು ಪಂಚಪ್ಪನ ಕಣ್ಣು ತುಂಬಿತು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ 'ಅವ್ವ'. ಸ್ಮಿತಾ ತಾವೇ ಸ್ಪೀಕರ್ ಒತ್ತಿದರು.

"ಯಪ್ಪಾ, ಆಫೀಸ್ ಮುಟ್ಟಿದೇನೋ? ಮುಟ್ಟಿದ ಕೂಡ್ಲೇ ಫೋನ್ ಮಾಡು ಅಂತ ಹೇಳಿದ್ನಿಲ್ಲ?"

ಸ್ಮಿತಾಗೆ ನಗು ತಡೆಯಲಾಗಲಿಲ್ಲ. ಅಶ್ವತ್ಥ್ ಮುಖ ತಿರುಗಿಸಿದ. ಪಂಚಪ್ಪನಿಗೆ ಹೊರದೇಶದ ಕೆಲಸ ಉಳಿಯಿತು, ಒಂದು ಷರತ್ತಿನ ಮೇಲೆ: ಮುಂದಿನ ಸಲ ಫ್ಲೈಟ್ ಮೋಡ್ ಹಾಕಲೇಬೇಕು, ಅವ್ವನಿಗೆ ಅಶ್ವತ್ಥನ ನಂಬರ್ ಕೊಟ್ಟು ಹೋಗಬೇಕು.

ಮುಂದಿನ ಸಲ ಪಂಚಪ್ಪ ಮಸ್ಕತ್ತಿನ ಹಾದಿಯಲ್ಲಿ ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಿದ್ದ. ಇಲ್ಲಿ ಅಶ್ವತ್ಥ್ ಊಟದ ಡಬ್ಬಿ ತೆರೆದಿಟ್ಟುಕೊಂಡೇ ಮತ್ತೊಮ್ಮೆ ಫೋನು ಎತ್ತಿದ.

"ಇನ್ನೂ ಮುಟ್ಟಿಲ್ಲ ಕಣಮ್ಮಾ. ಮುಟ್ಟಿದ ಕೂಡ್ಲೇ ನಾನೇ ಹೇಳ್ತೀನಿ. ನೀವು ಮೊದ್ಲು ಊಟ ಮಾಡಿ."