ನಾಯಕಿಗಾಗಿ ಏರಿಸಿದ ಬೆಳ್ಳಿ ಕಣ್ಣು

ಆ ಧಾರಾವಾಹಿಯ ನಾಯಕಿಗೆ ಕಣ್ಣು ಹೋದದ್ದು ಒಂದು ಸೋಮವಾರ, ಸಂಜೆ ಏಳೂವರೆಯಿಂದ ಎಂಟರ ನಡುವೆ. ನಾದಿನಿ ಹಾಲಿನಲ್ಲಿ ಏನೋ ಬೆರೆಸಿದ್ದಳು. ಹಾಲು ಕುಡಿದರೆ ಕಣ್ಣು ಹೇಗೆ ಹೋಗುತ್ತದೆ ಎಂದು ಗಜೇಂದ್ರಗಡದಲ್ಲಿ ಯಾರೂ ಕೇಳಲಿಲ್ಲ. ಮರುದಿನ ನಮ್ಮ ಓಣಿಯ ಅರ್ಧ ಮಗ್ಗಗಳು ಸುಮ್ಮನಿದ್ದವು. ಹೆಂಗಸರು ಲಾಳಿ ಕೆಳಗಿಟ್ಟು, ಕಟ್ಟೆಯ ಮೇಲೆ ಕುಳಿತು, ನಾದಿನಿಯ ವಂಶವನ್ನೆಲ್ಲ ಬೈಯುತ್ತಿದ್ದರು.

ನಾನು ಆಗ ಪಿಯುಸಿ ಓದುತ್ತಿದ್ದೆ. ನಡೆದದ್ದನ್ನು ನಡೆದಷ್ಟೇ ಬರೆಯಲು ನೋಡುತ್ತೇನೆ. ಅದರಲ್ಲಿ ನನ್ನ ಪಾಲೂ ಇದೆ.

ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಆ ನಾಯಕಿಯ ಹೆಸರಿನ, ಹಣೆಗೆ ಅಂಟಿಸುವ ಟಿಕಳಿ ಸಿಗುತ್ತಿತ್ತು. ಶೀರ್ಷಿಕೆ ಗೀತೆಯ ಕ್ಯಾಸೆಟ್ ಇತ್ತು. ಅದೇ ಹಾಡು ಯಾರದೋ ಮೊಬೈಲಿನಲ್ಲಿ ಮೊಳಗಿದರೆ ಬಸ್ಸಿನ ಅರ್ಧ ಮಂದಿ ತಮ್ಮ ಕಿಸೆ ಮುಟ್ಟಿಕೊಳ್ಳುತ್ತಿದ್ದರು. ಕತೆಯನ್ನು ಸಣ್ಣ ಪುಸ್ತಕಗಳಾಗಿಯೂ ಮಾರುತ್ತಿದ್ದರು. ಪುಸ್ತಕ ಟಿವಿಗಿಂತ ಎರಡು ತಿಂಗಳು ಹಿಂದಿತ್ತು. ಅದರಲ್ಲಿ ನಾಯಕಿಗೆ ಇನ್ನೂ ಕಣ್ಣು ಕಾಣುತ್ತಿದ್ದವು. ಆ ಸಮಾಧಾನಕ್ಕಾಗಿಯೇ ಜನ ಅದನ್ನು ಕೊಂಡರು. ಕರೆಂಟ್ ಹೋದ ಸಂಜೆ ಅವ್ವ ನನ್ನನ್ನು ಎಸ್‌ಟಿಡಿ ಬೂತಿಗೆ ಓಡಿಸುತ್ತಿದ್ದಳು. ನರೇಗಲ್ಲಿನಲ್ಲಿದ್ದ ಅವ್ವನ ತಂಗಿ, ನನ್ನ ಚಿಗವ್ವ, ಅಂದಿನ ಕತೆಯನ್ನು ಫೋನಿನಲ್ಲಿ ಅಳುತ್ತಲೇ ಒಪ್ಪಿಸುತ್ತಿದ್ದಳು. ನಾನು ಮನೆಗೆ ಬಂದು ಅಳದೆ ಹೇಳಿದರೆ ಅವ್ವನಿಗೆ ಸಿಟ್ಟು.

ನಮ್ಮ ಕಡೆ ಕಣ್ಣುಬೇನೆ ಬಂದವರು ದೇವಿಗೆ ಬೆಳ್ಳಿಯ ಕಣ್ಣು ಏರಿಸುವುದಾಗಿ ಬೇಡಿಕೊಳ್ಳುತ್ತಾರೆ. ಅಕ್ಕಸಾಲಿಗ ತೆಳ್ಳನೆಯ ತಗಡಿನಲ್ಲಿ ಎರಡು ಕಣ್ಣು ಕತ್ತರಿಸಿ ಕೊಡುತ್ತಾನೆ. ಅವ್ವ ಅಂಥ ಎರಡು ಕಣ್ಣು ಮಾಡಿಸಿ, ತಾಟಿನಲ್ಲಿಟ್ಟುಕೊಂಡು ಗುಡಿಗೆ ಹೋದಳು. ನಾನೂ ಜೊತೆಗಿದ್ದೆ.

"ಯಾರ ಹೆಸರೀಲೆ ಏರಸೋದು?" ಎಂದು ಪೂಜಾರಿ ಕೇಳಿದ.

ಅವ್ವ ನಾಯಕಿಯ ಹೆಸರು ಹೇಳಿದಳು.

"ಯಾವ ಊರವ್ರು?"

"ಊರು ಗೊತ್ತಿಲ್ರಿ. ಟಿವ್ಯಾಗಿನಾಕಿ."

ಪೂಜಾರಿ ಗಂಭೀರನಾದ. "ಓಹೋ, ಆಕಿ ಏನು! ಹಂಗಾದ್ರ ಇನ್ನೊಂದು ಕಾಯಿ ಒಡಸ್ರಿ. ನಮ್ಮನ್ಯಾಗೂ ಭಾಳ ಸಂಕಟ ಪಡಾಕತ್ತಾರ."

ಅವ್ವ ಆ ದಿನಗಳಲ್ಲಿ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯತೊಡಗಿದ್ದಳು. ಮೊದಲು ಕರೆಯುತ್ತಿರಲಿಲ್ಲ. ಇದನ್ನು ಈಗ ಬರೆಯುತ್ತಿದ್ದೇನೆ; ಆಗ ಗಮನಿಸಲಿಲ್ಲ.

ಹರಕೆ ಫಲಿಸಿತು. ಮುಂದಿನ ತಿಂಗಳು ನಾಯಕಿಗೆ ಕಣ್ಣು ಬಂದವು. ಆಗ ಅವಳು ನೇರಳೆ ಬಣ್ಣದ ಹೊಸ ಸೀರೆ ಉಟ್ಟಿದ್ದಳು. ಧಾರಾವಾಹಿಯೊಳಗಿನ ಆ ಒಂದು ದಿನ ನಮ್ಮ ಊರಿನ ಲೆಕ್ಕದಲ್ಲಿ ಮೂರು ವಾರ ನಡೆಯಿತು. ಹೀಗಾಗಿ ಸೀರೆ ಅದೇ ಉಳಿಯಿತು, ಊರಿನವರಿಗೆಲ್ಲ ಅದೇ ಬೇಕೆನಿಸಿತು.

ನಮಗೆ ನೂಲು ಕೊಟ್ಟು ನೇಯಿಸುತ್ತಿದ್ದ ಸಾಹೇಬರು ಒಂದು ಗಂಟು ಲಡಿಗಳೊಂದಿಗೆ ಬಂದರು. ಹತ್ತಾರು ಬಣ್ಣದ ನೂಲಿನ ಲಡಿಗಳಿದ್ದವು.

"ಅಕ್ಕಾರ, ಮಂದಿ ಆಕಿ ಸೀರಿನೇ ಕೇಳಾಕತ್ತಾರ. ನನಗಂತೂ ಟಿವಿ ಮುಂದ ಕುಂದ್ರಾಕ ಪುರಸೊತ್ತಿಲ್ಲ. ಬಣ್ಣ ನೀವು ಹಿಡೀರಿ, ನಿಮ್ಮ ಕಣ್ಣು ತಪ್ಪೋದಿಲ್ಲ."

"ಪುರಸೊತ್ತಿಲ್ಲದವ್ರಿಗೆ ಆಕಿ ಸೀರಿ ಉಟ್ಟದ್ದು ಹ್ಯಾಂಗ ಗೊತ್ತಾತ್ರಿ?"

"ಅಡಿಗಿ ಯಾಕ ಆಗಿಲ್ಲ ಅಂತ ಬೈಯಾಕ ಒಳಗ ಹೋಗಿದ್ದೆ. ಬೈಯೋದು ಮರ್ತು ಅಲ್ಲೇ ಕುಂತೆ," ಎಂದು ಸಾಹೇಬರು ನಕ್ಕರು.

"ನಿಮ್ಮ ಕಣ್ಣು ತಪ್ಪೋದಿಲ್ಲ" ಎಂಬುದು ಬರಿಯ ಉಪಚಾರದ ಮಾತಲ್ಲ. ಓಣಿಯಲ್ಲಿ ಅಂಚಿಗೂ ಒಡಲಿಗೂ ಬಣ್ಣ ಕೂಡಿಸುವಾಗ ಎಲ್ಲರೂ ಅವ್ವನ ಹತ್ತಿರ ಬರುತ್ತಿದ್ದರು. ಅಪ್ಪ ತೀರಿಹೋದ ಮೇಲೆ ಅವಳಿಗೆ ಉಳಿದ ಮರ್ಯಾದೆಯೆಲ್ಲ ಅದೊಂದರಲ್ಲಿತ್ತು.

ಅಂದು ಸಂಜೆ ಅವ್ವ ಲಡಿಗಳನ್ನು ತೊಡೆಯ ಮೇಲೆ ಹರಡಿಕೊಂಡು ಟಿವಿಗೆ ಮೊಳದಷ್ಟು ಸಮೀಪ ಕುಳಿತಳು. ನಾಯಕಿ ಮೊದಲ ಸಲ ಗಂಡನ ಮುಖ ನೋಡುತ್ತಿದ್ದಳು. ಅದು ಆ ವಾರದಲ್ಲಿ ಆರನೆಯ ಮೊದಲ ಸಲ. ಅವ್ವ ಒಂದು ಲಡಿ ಎತ್ತಿ ಹಿಡಿದು ಕೇಳಿದಳು:

"ಇದ ಹೌದಲ್ಲೋ?"

"ಹೌದವ್ವಾ," ಎಂದೆ.

ನಾನು ಲಡಿಯ ಕಡೆಗೆ ತಿರುಗಲಿಲ್ಲ. ನಾದಿನಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಏನಿದೆ ಎಂದು ನೋಡಬೇಕಿತ್ತು.

ಅವ್ವ ಮಗ್ಗಕ್ಕೆ ಆ ನೂಲಿನ ಹಾಸು ಹಾಕಿಸಿ ನೇಯಲು ಕುಳಿತಳು. ಕಾಲೇಜಿಗೆ ಹೋಗುವಾಗ, ಬರುವಾಗ ಮಗ್ಗದ ಮೇಲಿನ ಆ ಸೀರೆಯ ಪಕ್ಕದಲ್ಲೇ ದಾಟುತ್ತಿದ್ದೆ. ಬಣ್ಣ ಬೇರೆ ಅನಿಸಿತ್ತು. ಅವ್ವನಿಗೆ ಗೊತ್ತಿರುತ್ತದೆ ಎಂದುಕೊಂಡು ಸುಮ್ಮನಾದೆ.

ಮೊದಲ ಸೀರೆ ಒಯ್ಯಲು ಬಂದ ಸಾಹೇಬರು ನಾಯಕಿಯ ಚಿತ್ರವಿದ್ದ ಕ್ಯಾಲೆಂಡರ್ ತಂದಿದ್ದರು. ಅದನ್ನು ಬಿಚ್ಚಿ ಸೀರೆಯ ಪಕ್ಕದಲ್ಲಿಟ್ಟರು. ಚಿತ್ರದ ಸೀರೆ ನೇರಳೆ. ನಮ್ಮದು ಕಂದುಗೆಂಪು.

"ಅಕ್ಕಾರ, ಇದೇನ್ರಿ?"

"ಏನ್ರಿ ಅಂದ್ರ? ಆಕಿ ಸೀರಿ."

"ನಿಮ್ಮ ಟಿವಿ ಕೆಟ್ಟಿರಬೇಕು ಬಿಡ್ರಿ," ಎಂದಳು ಎದುರುಮನೆಯ ಕಾಕು. ಅವಳ ಮನೆಗೆ ಹೊಸ ಟಿವಿ ಬಂದು ವಾರವಾಗಿತ್ತು. ಅದನ್ನು ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಕ್ಕಿರಲಿಲ್ಲ. "ನಮ್ಮದರಾಗ ನೋಡ್ರಿ, ಕೈ ಹಾಕಿ ಮುಟ್ಟೂವಂಗ ಕಾಣತೈತಿ."

ಏಳೂವರೆಗೆ ಎಲ್ಲರೂ ಕಾಕುವಿನ ಮನೆಯಲ್ಲಿ ನೆರೆದೆವು. ನಾಯಕಿ ಬಂದಳು. ನೇರಳೆ ಸೀರೆ. ಯಾರಿಗೂ ಅನುಮಾನವಿರಲಿಲ್ಲ.

ಅವ್ವ ತಾನು ನೇಯ್ದ ಸೀರೆಯ ಸೆರಗನ್ನು ಪರದೆಯ ಪಕ್ಕ ಹಿಡಿದು, ಗೆದ್ದವಳಂತೆ ಹಿಂದಿರುಗಿ ನೋಡಿದಳು.

"ನೋಡ್ರಿ. ನಾ ಏನ್ ಹೇಳಿದ್ದೆ? ಒಂದು ಎಳಿ ಫರಕ ಇಲ್ಲ."

ಪರದೆಯ ಮೇಲೆ ನಾಯಕಿ ಆನಂದಬಾಷ್ಪ ಸುರಿಸುತ್ತಿದ್ದಳು. ಸಾಹೇಬರು ಚೀಲದಿಂದ ಎರಡು ಲಡಿ ತೆಗೆದು ಅವ್ವನ ಎದುರು ಹಿಡಿದರು. ಒಂದು ನೇರಳೆ, ಇನ್ನೊಂದು ಕಂದುಗೆಂಪು.

"ಅಕ್ಕಾರ, ಇವು ಎರಡೂ ಹ್ಯಾಂಗ ಕಾಣತಾವ್ರಿ?"

"ಹ್ಯಾಂಗ ಅಂದ್ರ? ಎರಡೂ ಒಂದ ಅದಾವಲ್ರಿ." ಎಲ್ಲರೂ ತನ್ನನ್ನೇ ನೋಡುತ್ತಿದ್ದುದು ಅವಳಿಗೆ ಆಗ ತಿಳಿಯಿತು. ಒಬ್ಬೊಬ್ಬರ ಮುಖವನ್ನೇ ನೋಡಿ ಕೊನೆಗೆ ನನ್ನ ಮೇಲೆ ಕಣ್ಣು ನಿಲ್ಲಿಸಿದಳು. "ಅಲ್ಲೇನು?"

ಕಾಕು ಟಿವಿ ಆರಿಸಿದಳು. ಧಾರಾವಾಹಿಯ ನಡುವೆ ಆ ಓಣಿಯಲ್ಲಿ ಟಿವಿ ಆರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಗದಗಿನ ಕಣ್ಣಿನ ದವಾಖಾನೆಯಲ್ಲಿ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ವರ್ಷಗಳಿಂದ ಬೆಳೆದದ್ದಂತೆ. ಆ ವರ್ಷಗಳಲ್ಲಿ ನಾವು ಒಂದೇ ಮನೆಯಲ್ಲಿ, ಒಂದೇ ಚಾಪೆಯ ಮೇಲೆ, ಒಂದೇ ಕಡೆಗೆ ಮುಖ ಮಾಡಿ ಕುಳಿತಿದ್ದೆವು. ನಾಯಕಿಗೆ ಪಟ್ಟಿ ಬಿಚ್ಚಿದೊಡನೆ ಹಿನ್ನೆಲೆಯಲ್ಲಿ ಕೊಳಲು ಕೇಳಿಸಿತ್ತು. ಅವ್ವನಿಗೆ ಒಂದು ಕಣ್ಣಿನ ಆಪರೇಷನ್ ಆಗಿ ಎರಡು ತಿಂಗಳಿಗೆ ಇನ್ನೊಂದರದು ಆಯಿತು. ಕೊಳಲು ಇರಲಿಲ್ಲ.

ಮನೆಗೆ ಬಂದು ಹಸಿರು ಪಟ್ಟಿ ತೆಗೆದ ಮೇಲೆ ಅವ್ವ ಮನೆಯಲ್ಲೇ ಉಳಿದಿದ್ದ ಆ ಕಂದುಗೆಂಪು ಸೀರೆಯನ್ನು ಅಂಗಳದ ಬಿಸಿಲಿಗೆ ಒಯ್ದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಆವತ್ತು ನಿನ್ನ ಕೇಳಿದ್ನಲ್ಲ, ನಿನಗ ಹ್ಯಾಂಗ ಕಂಡಿತ್ತು?"

"ನಾ ನೋಡಿರಲಿಲ್ಲವ್ವಾ."

ಅವ್ವ ಸೀರೆ ಮಡಿಚಿದಳು. ಬೈಯಲಿಲ್ಲ. ಸಾಹೇಬರು ಮತ್ತೆ ಕಳಿಸಿದ್ದ ಲಡಿಗಳು ಪಡಸಾಲೆಯಲ್ಲಿದ್ದವು. ತಾನೇ ನೇರಳೆಯನ್ನು ಆರಿಸಿ ಹೊರಗೆ ತಂದಳು. ಅದನ್ನು ನನ್ನ ಕೈಯಲ್ಲಿಟ್ಟು, ಬೆಳಕು ಬೀಳಲೆಂದು ನನ್ನ ಭುಜ ಹಿಡಿದು ಸ್ವಲ್ಪ ತಿರುಗಿಸಿದಳು.

"ಈಗ ನೋಡು," ಎಂದಳು. "ನೋಡಿ ಹೇಳು."