ಶಿವು ತಂದ ತಂತಿ

ಗೆಳೆಯರೇ, ನಮ್ಮ ಇಳಕಲ್ ಆರ್ಕೆಸ್ಟ್ರಾದಲ್ಲಿ ನಾನು ಎಲೆಕ್ಟ್ರಿಕ್ ಗಿಟಾರ್, ಶಿವು ಬೇಸ್ ಗಿಟಾರ್. ಹೊಗಳಿಕೆಯೆಲ್ಲ ಅವನಿಗೇ. ನಾಳೆ ಮದುವೆ ಕಾರ್ಯಕ್ರಮದ ನಡುವೆ ತಂತಿ ಹರಿದರೆ ಏನು ಗತಿ ಎಂಬ ಚಿಂತೆ ನನಗೆ. ಇಂದು ಶಿವು ಜೊತೆ ಬಾಗಲಕೋಟೆಗೆ ಹೋಗಿ, ಅಂಗಡಿಯಲ್ಲಿ ತಂತಿಯ ಪಾಕೀಟು ಒಡೆಸಿ, ನಮ್ಮ ಮಗ್ಗದ ನೂಲಿನಂತೆ ಹೊಸೆದು, ಜಗ್ಗಿ, ಎಲ್ಲಕ್ಕಿಂತ ದಪ್ಪನೆಯವನ್ನೇ ಆರಿಸಿದೆ.

“ಲೇ, ಸೀರಿ ನೇಯ್ತಿಯೇನು? ಸಣ್ಣವು ತಗೋ,” ಎಂದ ಶಿವು.

“ನಿನ್ನ ಬೇಸಿಗೆ ಹಗ್ಗದಂಥಾವು ಬೇಕು, ನನಗ ಬ್ಯಾಡೇನು?” ಎಂದೆ.

ಸಂಜೆ ತಾಲೀಮಿನಲ್ಲಿ ಆ ತಂತಿ ಬೆರಳಿಗೆ ಬಗ್ಗಲೇ ಇಲ್ಲ. ಶಿವು ಅದೇ ಅಂಗಡಿಯಲ್ಲಿ ನನಗೆಂದು ಕೊಂಡಿಟ್ಟಿದ್ದ ಸಣ್ಣ ತಂತಿಯನ್ನು ತನ್ನ ಚೀಲದಿಂದ ತೆಗೆದುಕೊಟ್ಟ. ಹಾಕಿ ನುಡಿಸಿದೆ. ಹಾಡುವ ಕಮಲಕ್ಕ ಮೊದಲ ಸಲ ಕಣ್ಣು ಮುಚ್ಚಿ ಕೇಳಿದಳು.

“ಭಾಳ ಛಲೋ ಆತು! ಶಿವು, ಎಂಥಾ ತಂತಿ ತಂದಿಯೋ!” ಎಂದಳು.

ನುಡಿಸಿದ ಬೆರಳು ನನ್ನವು. ನಾಳೆ ಆ ತಂತಿ ಹರಿಯಲಿ ಎಂದು ಬೇಡಿಕೊಳ್ಳಲೋ, ಹರಿಯದಿರಲಿ ಎಂದೋ, ತಿಳಿಯುತ್ತಿಲ್ಲ.